ಕ್ವೇಸಾರ್ ರೋಹಿತದಿಂದ ಅತಿನೇರಳೆ ಹಿನ್ನೆಲೆ: ಲೆಕ್ಕ ಎಲ್ಲೆಲ್ಲಿ ಕೈಕೊಡುತ್ತದೆ

ರೋಹಿತ ಕೈಗೆ ಬಂದಿದೆ, ಕೋಡ್ ಓಡಿದೆ, ಕೊನೆಗೊಂದು ಸಂಖ್ಯೆಯೂ ಬಂದಿದೆ. ಅದನ್ನು ನಂಬಬೇಕೋ ಬೇಡವೋ ಎಂದು ತಲೆ ಕೆರೆದುಕೊಳ್ಳುತ್ತ ಕೂತವರಿಗಾಗಿ ಈ ಬರಹ. ಅಳತೆ ಮಾಡುವುದು ಹೇಗೆಂದು ಕಲಿಸುವ ಪಾಠಗಳು ಬೇಕಾದಷ್ಟಿವೆ. ಮಾಡಿದ ಅಳತೆ ಕೆಟ್ಟಾಗ ಎಲ್ಲಿ ಕೈಯಿಟ್ಟು ನೋಡಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಗೆಲಾಕ್ಸಿಗಳ ನಡುವೆ ತೆಳ್ಳಗೆ ಹರಡಿರುವ ಹೈಡ್ರೋಜನ್ನನ್ನು ಎಲ್ಲ ಕ್ವೇಸಾರ್‌ಗಳ (ದೈತ್ಯ ಕಪ್ಪುಕುಳಿಯಿಂದ ಬೆಳಗುವ, ಬಹು ದೂರದ ಪ್ರಖರ ಗೆಲಾಕ್ಸಿ ಕೇಂದ್ರಗಳ), ಎಲ್ಲ ಗೆಲಾಕ್ಸಿಗಳ ಬೆಳಕು ಸೇರಿ ಆದ ಅತಿನೇರಳೆ ಹಿನ್ನೆಲೆ ಅಯಾನೀಕರಿಸಿಬಿಟ್ಟಿದೆ. ಲಕ್ಷಕ್ಕೊಂದರ ಆಸುಪಾಸಿನಲ್ಲಿ ಉಳಿದುಕೊಂಡ ತಟಸ್ಥ ಪರಮಾಣುಗಳು ಹಿಂದಿನಿಂದ ಬರುವ ಕ್ವೇಸಾರ್ ಬೆಳಕನ್ನು 1215.67 ಆಂಗ್‌ಸ್ಟ್ರಾಮ್‌ನಲ್ಲಿ ಹೀರುತ್ತವೆ. ವಿಶ್ವ ಹಿಗ್ಗುತ್ತಿರುವುದರಿಂದ ಬೇರೆ ಬೇರೆ ದೂರದ ಹೀರಿಕೆ ಬೇರೆ ಬೇರೆ ತರಂಗಾಂತರದಲ್ಲಿ ಬಿದ್ದು ರೋಹಿತದ ನೀಲಿ ಭಾಗದಲ್ಲಿ ಗೆರೆಗಳ ಒಂದು ದಟ್ಟ ಕಾಡೇ ಬೆಳೆಯುತ್ತದೆ. ಇದೇ ಲೈಮನ್ ಆಲ್ಫಾ ಕಾಡು. ಅತಿನೇರಳೆ ಹೆಚ್ಚಿದ್ದರೆ ತಟಸ್ಥ ಪರಮಾಣು ಕಡಿಮೆ, ಹೀರಿಕೆ ಕಡಿಮೆ. ಹೀರಿಕೆಯನ್ನು ಅಳೆದು ಅತಿನೇರಳೆಗೆ ಹಿಂದಿರುಗುವುದೇ ನಮ್ಮ ಕೆಲಸ.

ದಾರಿ ಎರಡು. ಮೊದಲನೆಯದು, ಕಾಡಿನ ಸರಾಸರಿ ಬೆಳಕು ಎಷ್ಟು ಉಳಿದಿದೆ ಎಂದು ಅಳೆದು ಸಿಮ್ಯುಲೇಶನ್ ಜೊತೆ ಹೊಂದಿಸುವುದು. ಎರಡನೆಯದು ಸಾಮೀಪ್ಯ ಪರಿಣಾಮ: ಕ್ವೇಸಾರ್‌ಗೆ ತೀರ ಹತ್ತಿರದಲ್ಲಿ ಅದರದೇ ಬೆಳಕು ಹಿನ್ನೆಲೆಯನ್ನು ಮೀರಿಸುವುದರಿಂದ ಅಲ್ಲಿ ಕಾಡು ತೆಳುವಾಗುತ್ತದೆ. ಎಷ್ಟು ದೂರದವರೆಗೆ ತೆಳುವಾಗಿದೆ ಎಂದು ನೋಡಿದರೆ ಹಿನ್ನೆಲೆಯ ಬಲ ಗೊತ್ತಾಗುತ್ತದೆ. ಬೈಟ್ಲಿಕ್, ಡಂಕನ್, ಆಸ್ಟ್ರೈಕರ್ 1988ರಲ್ಲಿ ಈ ಎರಡನೆಯ ದಾರಿಯಿಂದ ಲೈಮನ್ ಮಿತಿಯಲ್ಲಿನ (ಹೈಡ್ರೋಜನ್ನನ್ನು ಅಯಾನಾಗಿಸಬಲ್ಲ ಅತಿ ಉದ್ದದ ತರಂಗಾಂತರ, 912 ಆಂಗ್‌ಸ್ಟ್ರಾಮ್) ತೀವ್ರತೆ, ಅಂದರೆ ಜೆ, ಸುಮಾರು 10⁻²¹ ಎಂದು ಅಂದಾಜಿಸಿದ್ದರು. ಏಕಮಾನ: ಸೆಕೆಂಡಿಗೆ, ಚದರ ಸೆಂಟಿಮೀಟರಿಗೆ, ಹರ್ಟ್ಝ್‌ಗೆ, ಸ್ಟೆರೇಡಿಯನ್‌ಗೆ ಇಷ್ಟು ಅರ್ಗ್.

ಇನ್ನೊಂದು ಸಂಖ್ಯೆ ಗಾಮಾ. ಒಂದು ತಟಸ್ಥ ಪರಮಾಣು ಒಂದು ಸೆಕೆಂಡಿನಲ್ಲಿ ಅಯಾನಾಗುವ ಸಂಭವ ಅದು. ರೆಡ್‌ಶಿಫ್ಟ್ (ವಿಶ್ವದ ಜೊತೆ ಬೆಳಕಿನ ತರಂಗಾಂತರ ಎಷ್ಟು ಹಿಗ್ಗಿದೆ ಎಂಬ ಅಳತೆ, ಸೂತ್ರಗಳಲ್ಲಿ ಝಡ್; ಹೆಚ್ಚಿದಷ್ಟೂ ದೂರ) 2ರಿಂದ 4ರವರೆಗೆ ಗಾಮಾ 10⁻¹²ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಒಂದು ಪರಮಾಣು ತನ್ನ ಸರದಿಗಾಗಿ ಸರಾಸರಿ ಮೂವತ್ತು ಸಾವಿರ ವರ್ಷ ಕಾಯುತ್ತದೆ. ಈ ಒಂದು ಸಂಖ್ಯೆ ಬಾಯಿಪಾಠವಾಗಿರಲಿ. ನಿಮ್ಮ ಉತ್ತರ ಇದರಿಂದ ಹತ್ತು ಪಟ್ಟು ದೂರವಿದ್ದರೆ ತಪ್ಪು ಬೀಜಗಣಿತದಲ್ಲಿದೆ, ಎರಡು ಮೂರು ಪಟ್ಟು ದೂರವಿದ್ದರೆ ದತ್ತಾಂಶದಲ್ಲಿದೆ. ಸರಿಯಾಗಿ ಹೊಂದಿಕೊಂಡರೆ? ಅದೇ ನನಗೆ ಹೆಚ್ಚು ಕಾಟ ಕೊಟ್ಟ ಪ್ರಸಂಗ. ಅದನ್ನೇ ಮೊದಲು ಹೇಳುತ್ತೇನೆ.

ಸರಿ ಉತ್ತರ ಕೊಟ್ಟ ತಪ್ಪು ಕೋಡ್

ಸಾಮೀಪ್ಯ ಪರಿಣಾಮದ ಕೋಡ್ ಒಂದನ್ನು ನಾನೇ ಬರೆದಿದ್ದೆ. ಪರೀಕ್ಷೆಗೆಂದು ರೆಡ್‌ಶಿಫ್ಟ್ 2.5ರ ಆಸುಪಾಸಿನ ಕ್ವೇಸಾರ್‌ಗಳನ್ನು ತೆಗೆದುಕೊಂಡೆ; ಪ್ರಕಟಿತ ಮೌಲ್ಯಕ್ಕೆ ಅಚ್ಚುಕಟ್ಟಾಗಿ ಕೂತಿತು. ಖುಷಿಯಾಗಿ ಕೋಡನ್ನು ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿದೆ. ಅವಳು ರೆಡ್‌ಶಿಫ್ಟ್ 2.2ರಿಂದ 3.5ರವರೆಗೆ ಓಡಿಸಿ ಒಂದು ಸಂಜೆ ಬಂದು ಲ್ಯಾಪ್‌ಟಾಪ್ ಮುಂದಿಟ್ಟಳು.

"ಸರ್, ನೋಡಿ, ಜೆ ಇಳೀತಾ ಇದೆ. ಮೂರರ ಆಚೆ ಕ್ವೇಸಾರ್‌ಗಳೇ ಕಡಿಮೆಯಾಗ್ತವಲ್ಲ, ಅದಕ್ಕೇ ಇರಬೇಕು."

"ಇಳಿಯೋದೇನೋ ಸರಿ ಕಣಮ್ಮ. ಎಷ್ಟರ ಘಾತದಲ್ಲಿ ಇಳೀತಿದೆ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಜೆ ಮತ್ತು ಒಂದು ಕೂಡಿಸು ಝಡ್, ಎರಡನ್ನೂ ಲಾಗ್ ಅಳತೆಯಲ್ಲಿಟ್ಟು ಗೆರೆ ಎಳೆದಾಗ ಇಳಿಜಾರು ಹೆಚ್ಚುಕಡಿಮೆ ಋಣ 2 ಬಂತು. ನನಗೆ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ನಿಸರ್ಗ ಇಷ್ಟು ದುಂಡಗಿನ ಸಂಖ್ಯೆ ಕೊಡುವುದು ಅಪರೂಪ. ಮರೆತುಹೋದ ವರ್ಗ ಮಾತ್ರ ಹೀಗೆ ಕೊಡುತ್ತದೆ.

ಅಣಕು ರೋಹಿತದ ಮೇಲೆ ಪರೀಕ್ಷೆ ಮಾಡಿದ್ದೆವಲ್ಲ ಎಂದು ಅವಳು ನೆನಪಿಸಿದಳು. ಮಾಡಿದ್ದೆವು ನಿಜ. ಗೊತ್ತಿರುವ ಜೆ ಹಾಕಿ ಕೃತಕ ಕಾಡು ಬೆಳೆಸಿ, ಕೋಡ್ ಅದೇ ಜೆಯನ್ನು ಹಿಂದಿರುಗಿಸುತ್ತದೆಯೇ ಎಂದು ನೋಡಿದ್ದೆವು, ಹಿಂದಿರುಗಿಸಿತ್ತು. ಆದರೆ ಅಣಕು ಕಾಡನ್ನು ಬೆಳೆಸುವ ಕೋಡೂ ದೂರವನ್ನು, ಬೆಳಕಿನ ಅನುಪಾತವನ್ನು ಲೆಕ್ಕ ಹಾಕಲು ನನ್ನ ಅದೇ ಎರಡು ಫಂಕ್ಷನ್‌ಗಳನ್ನು ಕರೆಯುತ್ತಿತ್ತು. ತಳ ತಗ್ಗಿದ ಸೇರಿನಲ್ಲಿ ಅಳೆದು, ಅದೇ ಸೇರಿನಿಂದ ತಾಳೆ ನೋಡಿ, ರಾಗಿ ಸರಿಯಾಗಿದೆ ಎಂದಂತೆ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು: ಅಣಕು ರೋಹಿತ ಮಾಡುವವರು ಬೇರೆ, ಅಳೆಯುವವರು ಬೇರೆ, ಇಬ್ಬರ ಕೋಡಿನ ನಡುವೆ ಒಂದು ಸಾಲೂ ಹಂಚಿಕೆಯಾಗಕೂಡದು.

ಕೊನೆಗೆ ತಪ್ಪು ಸಿಕ್ಕಿದ್ದು ಕಾಗದದ ಮೇಲೆ. ಹಾಗೇ ಬಿಡಿಸಿ ತೋರಿಸುತ್ತೇನೆ, ನೀವೂ ನಿಮ್ಮ ಕೋಡಿಗೆ ಇದೇ ಪ್ರಶ್ನೆ ಕೇಳಬಹುದು.

ರೆಡ್‌ಶಿಫ್ಟ್ 3ರಲ್ಲಿ ಒಂದು ಕ್ವೇಸಾರ್. ಲೈಮನ್ ಮಿತಿಯಲ್ಲಿ ಅದರ ದೀಪ್ತಿ ಸೆಕೆಂಡಿಗೆ, ಹರ್ಟ್ಝ್‌ಗೆ 3×10³¹ ಅರ್ಗ್ ಎನ್ನಿ. ಹಿನ್ನೆಲೆಯ ಜೆ 5×10⁻²². ಕ್ವೇಸಾರ್‌ನ ಬೆಳಕು ಹಿನ್ನೆಲೆಗೆ ಸಮವಾಗುವ ದೂರ ಯಾವುದು? ಕ್ವೇಸಾರ್‌ನಿಂದ ಬರುವ ಹರಿವು ಒಂದೇ ದಿಕ್ಕಿನದು, ಹಿನ್ನೆಲೆ ಎಲ್ಲ ದಿಕ್ಕಿನದು. ಆದ್ದರಿಂದ ಹರಿವನ್ನು 4 ಪೈ ಜೆಗೆ ಸಮ ಮಾಡಬೇಕು. ದೀಪ್ತಿಯನ್ನು 16 ಪೈ ವರ್ಗ ಜೆಯಿಂದ ಭಾಗಿಸಿದರೆ ದೂರದ ವರ್ಗ 3.8×10⁵⁰, ದೂರ 1.95×10²⁵ ಸೆಂಟಿಮೀಟರ್, ಅಂದರೆ 6.3 ಮೆಗಾಪಾರ್ಸೆಕ್. ಇದು ಆ ಕಾಲದ ನಿಜವಾದ ದೂರ. ಹಬಲ್ ಸ್ಥಿರಾಂಕ (ವಿಶ್ವದ ಇಂದಿನ ಹಿಗ್ಗುವಿಕೆಯ ದರ) 70, ವಿಶ್ವದ ದ್ರವ್ಯಾಂಶ 0.3 ಎಂದಿಟ್ಟರೆ ಆ ಕಾಲದ ಹಿಗ್ಗುವಿಕೆ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ 312 ಕಿಲೋಮೀಟರ್. ಹಾಗಾಗಿ ವೇಗದಲ್ಲಿ ಸೆಕೆಂಡಿಗೆ ಸುಮಾರು 1970 ಕಿಲೋಮೀಟರ್, ತರಂಗಾಂತರದಲ್ಲಿ ಸುಮಾರು 32 ಆಂಗ್‌ಸ್ಟ್ರಾಮ್. ಲೈಮನ್ ಆಲ್ಫಾ ಶಿಖರ ಬೀಳುವುದು 4863ರಲ್ಲಿ. ಅಂದರೆ 4831 ಆಂಗ್‌ಸ್ಟ್ರಾಮ್‌ನಲ್ಲಿ ಅನುಪಾತ ಸರಿಯಾಗಿ 1 ಬರಬೇಕು.

ನನ್ನ ಕೋಡ್ ಅಲ್ಲಿ 0.79 ಕೊಟ್ಟಿತು. ನೋಡಿದರೆ ಗಾಬರಿ ಬೀಳುವಂಥ ಸಂಖ್ಯೆಯಲ್ಲ, ದಶಮಾಂಶ ಕತ್ತರಿಸಿದ್ದರಲ್ಲಿ ಏನೋ ಆಗಿರಬೇಕು ಎಂದುಕೊಂಡು ಮುಂದೆ ಹೋಗುವಂಥದ್ದೇ. ಅದರೊಳಗೆ ಎರಡು ತಪ್ಪುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು. ಒಂದು, 4 ಪೈಯನ್ನು ಬಿಟ್ಟಿದ್ದೆ. ಇದರಿಂದ ಅನುಪಾತ 12.57 ಪಟ್ಟು ಏರುತ್ತದೆ. ಎರಡು, ನಿಜ ದೂರದ ಬದಲು ಸಹಚಲಿತ ದೂರ (ಇಂದಿನವರೆಗಿನ ಹಿಗ್ಗುವಿಕೆಯನ್ನೂ ಸೇರಿಸಿದ ದೂರ) ಹಾಕಿದ್ದೆ. ರೆಡ್‌ಶಿಫ್ಟ್ 3ರಲ್ಲಿ ಅದು ನಾಲ್ಕು ಪಟ್ಟು ದೊಡ್ಡದು, ವರ್ಗವಾಗಿ ಅನುಪಾತ 16 ಪಟ್ಟು ಇಳಿಯುತ್ತದೆ. 12.57ನ್ನು 16ರಿಂದ ಭಾಗಿಸಿ ನೋಡಿ.

ಇನ್ನೂ ತಮಾಷೆಯೆಂದರೆ 4 ಪೈಯ ವರ್ಗಮೂಲ 3.545. ಅಂದರೆ ರೆಡ್‌ಶಿಫ್ಟ್ 2.545ರಲ್ಲಿ ಈ ಎರಡು ತಪ್ಪುಗಳು ಒಂದನ್ನೊಂದು ಪೂರ್ತಿ ಅಳಿಸಿಹಾಕುತ್ತವೆ. ನಾನು ಪರೀಕ್ಷೆಗೆ ಆರಿಸಿಕೊಂಡಿದ್ದು, ಇದ್ದಬದ್ದ ರೆಡ್‌ಶಿಫ್ಟ್‌ಗಳಲ್ಲೆಲ್ಲ ಅದೊಂದನ್ನೇ. 2.2ರಲ್ಲಿ ಜೆ ಶೇ 23ರಷ್ಟು ಹೆಚ್ಚು, 3.5ರಲ್ಲಿ ಶೇ 38ರಷ್ಟು ಕಡಿಮೆ. ನಡುವೆ ಎರಡು ಪಟ್ಟಿನ ಸೊಗಸಾದ ಇಳಿಕೆ. ಅವಳು ಅದರ ಮೇಲೆ ಪ್ರಬಂಧದ ಒಂದು ಅಧ್ಯಾಯಕ್ಕೆ ಶೀರ್ಷಿಕೆಯನ್ನೂ ಇಟ್ಟಾಗಿತ್ತು.

ಇಂಥ ಗುಣಾಂಕದ ತಪ್ಪುಗಳಿಗೆ ಅವುಗಳದೇ ಸಹಿ ಇರುತ್ತದೆ. ಉತ್ತರ ಎಲ್ಲ ರೆಡ್‌ಶಿಫ್ಟ್‌ನಲ್ಲೂ ಒಂದೇ ಸಮ 12 ಅಥವಾ 13 ಪಟ್ಟು ತಪ್ಪಿದರೆ 4 ಪೈ. ತಪ್ಪು ಒಂದು ಕೂಡಿಸು ಝಡ್‌ನ ಮೊದಲ ಘಾತದಲ್ಲಿ ಬೆಳೆದರೆ, ಕಂಡ ಹರಿವಿನಿಂದ ದೀಪ್ತಿ ತೆಗೆಯುವಾಗ ಆವೃತ್ತಿಯ ಪಟ್ಟಿ ಹಿಗ್ಗಿರುವುದನ್ನು ಮರೆತಿದ್ದೀರಿ. ಎರಡನೆಯ ಘಾತವಾದರೆ ದೂರ. ತರಂಗಾಂತರಕ್ಕಿಷ್ಟು ಎಂಬ ಹರಿವನ್ನು ಆವೃತ್ತಿಗಿಷ್ಟು ಎಂದು ಬದಲಿಸದೆ ಬಿಟ್ಟಿದ್ದರೆ ಉತ್ತರ ಎಲ್ಲೋ ಆಕಾಶದಲ್ಲಿರುತ್ತದೆ, ಅದು ತಾನೇ ಕೂಗಿ ಹೇಳುತ್ತದೆ.

ಜೆಯಿಂದ ಗಾಮಾಕ್ಕೆ ಹೋಗುವಾಗಲೂ ಒಂದು ಕೈಲೆಕ್ಕ ಇಟ್ಟುಕೊಳ್ಳಿ. ಜೆಯನ್ನು 10⁻²¹ರ ಏಕಮಾನದಲ್ಲಿ, ಗಾಮಾವನ್ನು 10⁻¹²ರ ಏಕಮಾನದಲ್ಲಿ ಬರೆದರೆ, ಜೆಯನ್ನು 12ರಿಂದ ಗುಣಿಸಿ, ರೋಹಿತದ ಇಳಿಜಾರಿಗೆ (ಆವೃತ್ತಿ ಏರಿದಂತೆ ಬೆಳಕು ಎಷ್ಟನೆಯ ಘಾತದಲ್ಲಿ ಇಳಿಯುತ್ತದೆ ಎಂಬುದಕ್ಕೆ) 3 ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಗಾಮಾ. ಇಳಿಜಾರು 1.7 ಆದರೆ ಮೇಲಿನ ಉದಾಹರಣೆಯ ಜೆಗೆ ಗಾಮಾ ಸುಮಾರು 1.3. ಇಳಿಜಾರು ಯಾವುದೆಂದು ಹೇಳದೆ ಜೆಯನ್ನು ಮಾತ್ರ ಬರೆದ ಕೋಷ್ಟಕ ಕಂಡರೆ ಅದರ ಜೊತೆ ಹೋಲಿಕೆಗೆ ಹೋಗಬೇಡಿ.

ದಿಕ್ಕು ನೋಡಿ, ಬೆಳವಣಿಗೆ ನೋಡಿ

ಬೀಜಗಣಿತ ಸರಿಯಾದ ಮೇಲೆ ಉಳಿಯುವುದು ದತ್ತಾಂಶದ ಕಾಯಿಲೆಗಳು. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಬೇಕು: ಇದು ಗಾಮಾವನ್ನು ಮೇಲೆ ತಳ್ಳುತ್ತದೋ ಕೆಳಗೆ ಎಳೆಯುತ್ತದೋ? ರೆಡ್‌ಶಿಫ್ಟ್ ಹೆಚ್ಚಿದಂತೆ ಕಾಯಿಲೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ? ಈ ಎರಡು ಉತ್ತರ ಸಿಕ್ಕರೆ ಅನುಮಾನಿತರ ಪಟ್ಟಿ ಅರ್ಧಕ್ಕಿಳಿಯುತ್ತದೆ.

ಮೊದಲ ಅನುಮಾನಿತ ಯಾವಾಗಲೂ ಕಂಟಿನ್ಯುಅಮ್. ಹೀರಿಕೆಯೇ ಇಲ್ಲದಿದ್ದರೆ ಕ್ವೇಸಾರ್ ಎಷ್ಟು ಬೆಳಗುತ್ತಿತ್ತು ಎಂಬ ಆ ಗೆರೆಯನ್ನು ನಾವು ಎಳೆಯುವುದು ಕಾಡಿನ ಎತ್ತರದ ತುದಿಗಳನ್ನು ಜೋಡಿಸಿ. ರೆಡ್‌ಶಿಫ್ಟ್ 2ರಲ್ಲಿ ಮರಗಳ ನಡುವೆ ಬಯಲಿದೆ, ತುದಿಗಳು ನಿಜವಾದ ಕಂಟಿನ್ಯುಅಮ್ಮನ್ನೇ ಮುಟ್ಟುತ್ತವೆ. 4ರಲ್ಲಿ ಬಯಲೇ ಉಳಿದಿಲ್ಲ. ಅತಿ ಎತ್ತರದ ತುದಿಯೂ ಒಂದಿಷ್ಟು ಹೀರಿಸಿಕೊಂಡೇ ನಿಂತಿರುತ್ತದೆ. ಗೆರೆ ತಗ್ಗುತ್ತದೆ, ಉಳಿದ ಬೆಳಕು ಹೆಚ್ಚೆಂದು ಕಾಣುತ್ತದೆ, ಗಾಮಾ ಏರುತ್ತದೆ. ಸಿಮ್ಯುಲೇಶನ್‌ಗಳ ಮೇಲೆ ಪರೀಕ್ಷಿಸಿದಾಗ ಈ ತಗ್ಗು ರೆಡ್‌ಶಿಫ್ಟ್ 2ರಲ್ಲಿ ಶೇ 1ರ ಆಸುಪಾಸು, 4ರಲ್ಲಿ ಶೇ 10ಕ್ಕೂ ಹೆಚ್ಚು ಬರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಹೊಸಬರು ಎಡವುವುದು ಇಲ್ಲೇ. ತಪ್ಪು ಒಂದೇ ಆದರೂ ಪೆಟ್ಟು ಒಂದೇ ಅಲ್ಲ. ಎಲ್ಲ ಕಡೆ ಕಂಟಿನ್ಯುಅಮ್ ಶೇ 5ರಷ್ಟು ತಗ್ಗಿದೆ ಎನ್ನಿ. ರೆಡ್‌ಶಿಫ್ಟ್ 2ರ ಹತ್ತಿರ ಉಳಿದ ಬೆಳಕು 0.88, ಅದು 0.926 ಆಗಿ ಕಾಣುತ್ತದೆ. ಪರಿಣಾಮಕ ಟೌ, ಅಂದರೆ ಸರಾಸರಿ ಬೆಳಕಿನ ಋಣ ಲಾಗರಿದಮ್, 0.128ರಿಂದ 0.077ಕ್ಕೆ ಬೀಳುತ್ತದೆ. ಶೇ 40 ಹೋಯಿತು! ರೆಡ್‌ಶಿಫ್ಟ್ 3ರಲ್ಲಿ ಬೆಳಕು 0.67, ಟೌ 0.40ರಿಂದ 0.35, ಶೇ 13 ನಷ್ಟ. 4ರಲ್ಲಿ ಬೆಳಕು 0.41, ನಷ್ಟ ಶೇ 6 ಮಾತ್ರ. ಕಾಡು ತೆಳ್ಳಗಿರುವ ಕಡೆ ಕಂಟಿನ್ಯುಅಮ್ ಸುಲಭ, ಆದರೆ ಅಲ್ಲಿ ಸಣ್ಣ ತಪ್ಪೂ ಪ್ರಾಣ ತೆಗೆಯುತ್ತದೆ; ದಟ್ಟವಿರುವ ಕಡೆ ಕಂಟಿನ್ಯುಅಮ್ ಕಷ್ಟ, ಆದರೆ ತಪ್ಪನ್ನು ತಾಳಿಕೊಳ್ಳುವ ಶಕ್ತಿಯಿದೆ. ಟೌನಲ್ಲಿ ಆದ ನಷ್ಟ ಗಾಮಾದಲ್ಲಿ ಇನ್ನೂ ದೊಡ್ಡದಾಗುತ್ತದೆ ಎಂಬುದನ್ನೂ ಮರೆಯಬೇಡಿ. ಪೂರ್ತಿ ಕಪ್ಪಾದ ಗೆರೆಗಳು ಗಾಮಾ ಬದಲಾದರೂ ಅಷ್ಟಾಗಿ ಮಿಸುಕುವುದಿಲ್ಲ; ಇಡೀ ಹೊರೆ ಹೊರುವುದು ತೆಳು ಗೆರೆಗಳೇ.

ಪತ್ತೆ ಹಚ್ಚುವ ಬಗೆ: ಒಂದೇ ರೋಹಿತವನ್ನು ಇಬ್ಬರ ಕೈಗೆ ಕೊಟ್ಟು ಬೇರೆ ಬೇರೆಯಾಗಿ ಗೆರೆ ಎಳೆಸಿ. ನಾನು ಎಳೆದ ಗೆರೆ ನನ್ನ ಸಹೋದ್ಯೋಗಿಯದಕ್ಕಿಂತ ಸದಾ ಶೇ 2ರಷ್ಟು ಕೆಳಗಿರುತ್ತದೆ, ಅದು ನನ್ನ ಕೈಗುಣ. ಆಮೇಲೆ ಇಬ್ಬರ ಕೈಗೂ ಅಣಕು ರೋಹಿತ ಕೊಟ್ಟು, ಅದು ಅಣಕು ಎಂದು ಹೇಳದೆ, ಎಳೆಸಿ. ಲೈಮನ್ ಆಲ್ಫಾದ ಕೆಂಪು ಬದಿಯಿಂದ ಘಾತ ನಿಯಮವನ್ನು ನೀಲಿ ಬದಿಗೆ ಚಾಚುವವರು ಇನ್ನೊಂದು ವಿಷಯ ನೆನಪಿಡಬೇಕು: ಕ್ವೇಸಾರ್‌ನ ರೋಹಿತ ಅತಿನೇರಳೆ ತುದಿಯಲ್ಲಿ ಇನ್ನಷ್ಟು ಕಡಿದಾಗಿ ಇಳಿಯುತ್ತದೆ, ಹಾಗಾಗಿ ಚಾಚಿದ ಗೆರೆ ಮೇಲೆಯೇ ಉಳಿದು ತಪ್ಪು ಉಲ್ಟಾ ದಿಕ್ಕಿಗೆ ಹೋಗಬಹುದು.

ಲೋಹಗಳು ಇದಕ್ಕೆ ವಿರುದ್ಧ ದಿಕ್ಕಿನವು. ಕಾಡಿನೊಳಗೆ ಕಾರ್ಬನ್, ಸಿಲಿಕಾನ್, ಮೆಗ್ನೀಸಿಯಂ ಗೆರೆಗಳು ಹೈಡ್ರೋಜನ್ ವೇಷ ಹಾಕಿಕೊಂಡು ನಿಂತಿರುತ್ತವೆ. ಅವನ್ನು ತೆಗೆಯದಿದ್ದರೆ ಹೀರಿಕೆ ಹೆಚ್ಚೆನಿಸಿ ಗಾಮಾ ಕೆಳಗೆ ಬರುತ್ತದೆ. ಹೈಡ್ರೋಜನ್ ಕಾಡೇ ತೆಳುವಾಗಿರುವ ಕಡಿಮೆ ರೆಡ್‌ಶಿಫ್ಟ್‌ನಲ್ಲಿ ಈ ಕಾಟ ಜಾಸ್ತಿ. ಮೂರು ಬಾರಿ ಅಯಾನಾದ ಕಾರ್ಬನ್ 1548.20 ಮತ್ತು 1550.77ರಲ್ಲಿ ಜೋಡಿಯಾಗಿಯೇ ಬರುತ್ತದೆ, ಮೊದಲನೆಯದರ ಬಲ ಎರಡನೆಯದರ ಎರಡು ಪಟ್ಟು. ಜೋಡಿ ಸಿಕ್ಕರೆ ಕಳ್ಳ ಸಿಕ್ಕ. ಸಿಲಿಕಾನ್‌ನ 1206.50 ಗೆರೆ ಒಂಟಿ, ಆದರೆ ಲೈಮನ್ ಆಲ್ಫಾದಿಂದ ಸುಮಾರು 2270 ಕಿಲೋಮೀಟರ್ ವೇಗದಷ್ಟು ಸರಿದು ನಿಂತಿರುತ್ತದೆ. ಕಾಡನ್ನು ಅದಕ್ಕೇ ಹೋಲಿಸಿ ಸಹಸಂಬಂಧ ತೆಗೆದರೆ ಆ ಜಾಗದಲ್ಲೊಂದು ಉಬ್ಬು ಕಾಣುತ್ತದೆ. ಅಳತೆಯ ಪಟ್ಟಿಯನ್ನು ಕ್ವೇಸಾರ್‌ನ ಸ್ವಂತ ಚೌಕಟ್ಟಿನಲ್ಲಿ 1040ರಿಂದ 1180 ಆಂಗ್‌ಸ್ಟ್ರಾಮ್ ಒಳಗೆ ಇಟ್ಟುಕೊಂಡರೆ ಲೈಮನ್ ಬೀಟಾ, ಆಕ್ಸಿಜನ್, ಕ್ವೇಸಾರ್‌ನ ಸಾಮೀಪ್ಯ ಮೂರರ ಕಾಟವೂ ತಪ್ಪುತ್ತದೆ. ತಟಸ್ಥ ಹೈಡ್ರೋಜನ್ ಕಂಬ (ನೋಟದ ಗೆರೆಯುದ್ದಕ್ಕೂ ಚದರ ಸೆಂಟಿಮೀಟರಿಗೆ ಬೀಳುವ ಪರಮಾಣುಗಳ ಎಣಿಕೆ) 2×10²⁰ ದಾಟಿದ ದಪ್ಪ ಗೆರೆಗಳನ್ನು ರೆಕ್ಕೆ ಸಮೇತ ಮುಚ್ಚಿಬಿಡಿ. ಅಗಲ ಹೀರಿಕೆಯ ಕ್ವೇಸಾರ್‌ಗಳನ್ನು (ತಮ್ಮದೇ ಬೀಸುವ ಅನಿಲದಿಂದ ಅಗಲ ಗೆರೆ ಬಿದ್ದವನ್ನು) ಒಳಗೇ ಬಿಟ್ಟುಕೊಳ್ಳಬೇಡಿ.

ಶೂನ್ಯ ಮಟ್ಟದ ತಪ್ಪು ಬೇಗ ಹೇಳಿ ಮುಗಿಸಬಹುದು. ಆಕಾಶದ ಬೆಳಕನ್ನು ಸರಿಯಾಗಿ ಕಳೆಯದಿದ್ದರೆ ಪೂರ್ತಿ ಕಪ್ಪಾಗಬೇಕಾದ ಗೆರೆಗಳ ತಳ ಸೊನ್ನೆ ಮುಟ್ಟುವುದಿಲ್ಲ. ರೆಡ್‌ಶಿಫ್ಟ್ 3ರಲ್ಲಿ ಶೇ 2 ಉಳಿದರೆ ಅಷ್ಟಾಗಿ ಗೊತ್ತಾಗದು. 5ರ ಹತ್ತಿರ ಉಳಿದ ಬೆಳಕೇ 0.15ರ ಆಸುಪಾಸು, ಅಲ್ಲಿ ಅದೇ 0.02 ಎಂಬುದು ಎಂಟನೆಯ ಒಂದು ಪಾಲು. ಅತಿ ದಪ್ಪ ಗೆರೆಗಳ ತಳವನ್ನು ಸರಾಸರಿ ಮಾಡಿ ನೋಡಿ. ಐದು ನಿಮಿಷದ ಕೆಲಸ.

ಕ್ವೇಸಾರ್ ಎಲ್ಲಿದೆ ಎಂದು ನಿಜವಾಗಿ ಗೊತ್ತೇ?

ಕಾಡಿನ ಸರಾಸರಿಯಿಂದ ಬಂದ ಗಾಮಾಕ್ಕಿಂತ ಸಾಮೀಪ್ಯ ಪರಿಣಾಮದಿಂದ ಬಂದದ್ದು ಎರಡು ಮೂರು ಪಟ್ಟು ಹೆಚ್ಚಿದ್ದರೆ ಹೊಸ ಭೌತಶಾಸ್ತ್ರ ಹುಡುಕಲು ಹೋಗಬೇಡಿ, ಕ್ವೇಸಾರ್‌ನ ರೆಡ್‌ಶಿಫ್ಟ್ ನೋಡಿ. 1988ರ ಆ 10⁻²¹ ಕೂಡ ಇಂದಿನ ಗಾಮಾ ಏಕಮಾನಕ್ಕೆ ತಂದರೆ 2.5ರ ಮೇಲೆಯೇ ಬೀಳುತ್ತದೆ.

ರೆಡ್‌ಶಿಫ್ಟನ್ನು ನಾವು ಸಾಮಾನ್ಯವಾಗಿ ತೆಗೆಯುವುದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸಿಗುವ ಕಾರ್ಬನ್ 1549 ಅಥವಾ ಲೈಮನ್ ಆಲ್ಫಾ ಹೊರಸೂಸುವಿಕೆಯಿಂದ. ಕಾರ್ಬನ್ ಅನಿಲ ಕ್ವೇಸಾರ್‌ನಿಂದ ನಮ್ಮ ಕಡೆಗೆ ಬೀಸುತ್ತಿರುತ್ತದೆ. ಆದ್ದರಿಂದ ಆ ಗೆರೆ ಸರಾಸರಿ 800 ಕಿಲೋಮೀಟರ್ ವೇಗದಷ್ಟು ನೀಲಿಗೆ ಸರಿದಿರುತ್ತದೆ. ಕ್ವೇಸಾರ್ ನಿಜವಾಗಿ ಇರುವುದಕ್ಕಿಂತ ನಮಗೆ ಹತ್ತಿರದಲ್ಲಿದೆ ಎಂದು ನಾವು ನಂಬುತ್ತೇವೆ. ವೇಗದ ಲೆಕ್ಕದಲ್ಲಿ ಕ್ವೇಸಾರ್‌ನಿಂದ ಸೆಕೆಂಡಿಗೆ 1000 ಕಿಲೋಮೀಟರ್ ದೂರದಲ್ಲಿದೆ ಎಂದು ನಾವು ಅಂದುಕೊಂಡ ಮೋಡ ನಿಜವಾಗಿ 1800ರಲ್ಲಿದೆ. ಕ್ವೇಸಾರ್‌ನ ಬೆಳಕು ಅದರ ಮೇಲೆ ಮೂರು ಪಟ್ಟಿಗಿಂತ ಹೆಚ್ಚು ಜೋರಾಗಿ ಬೀಳುತ್ತಿದೆ ಎಂದು ಲೆಕ್ಕ ಹಾಕುತ್ತೇವೆ. ಇಷ್ಟು ಬೆಳಕು ಬಿದ್ದರೂ ಕಾಡು ಅಷ್ಟೊಂದು ತೆಳುವಾಗಿಲ್ಲವಲ್ಲ, ಹಾಗಾದರೆ ಹಿನ್ನೆಲೆಯೇ ಬಲವಾಗಿರಬೇಕು ಎಂಬ ತೀರ್ಮಾನಕ್ಕೆ ಬರುತ್ತೇವೆ. ಅಲ್ಲಿಗೆ ಜೆ ಏರಿತು.

ಮದ್ದು ಸರಳ, ಆದರೆ ದುಬಾರಿ. ಮೆಗ್ನೀಸಿಯಂ 2798 ಅಥವಾ ಆಕ್ಸಿಜನ್ 5007 ಗೆರೆ ಬೇಕು. ರೆಡ್‌ಶಿಫ್ಟ್ 3ರಲ್ಲಿ ಮೊದಲನೆಯದು 1.12 ಮೈಕ್ರಾನ್‌ನಲ್ಲಿ, ಎರಡನೆಯದು 2 ಮೈಕ್ರಾನ್‌ನಲ್ಲಿ ಬೀಳುತ್ತದೆ. ಅಂದರೆ ಇನ್‌ಫ್ರಾರೆಡ್ ಉಪಕರಣದಲ್ಲಿ ಬೇರೆಯಾಗಿ ಸಮಯ ಕೇಳಬೇಕು. ಸಿಗದಿದ್ದರೆ ಸರಾಸರಿ ತಿದ್ದುಪಡಿ ಹಾಕಿ, ಆದರೆ ಒಂದೊಂದು ಕ್ವೇಸಾರ್ ಆ ಸರಾಸರಿಯಿಂದ ನೂರಾರು ಕಿಲೋಮೀಟರ್ ಆಚೀಚೆ ಇರುತ್ತದೆಂಬುದನ್ನು ದೋಷದ ಅಂದಾಜಿನಲ್ಲಿ ಸೇರಿಸಿ. ಗಾಳಿಯ ತರಂಗಾಂತರ, ನಿರ್ವಾತದ ತರಂಗಾಂತರ ಗೊಂದಲವಾದರೆ 83 ಕಿಲೋಮೀಟರ್. ಭೂಮಿ ಸೂರ್ಯನ ಸುತ್ತುವುದನ್ನು ಮರೆತರೆ ಹೆಚ್ಚೆಂದರೆ 30. ಇವೆರಡರ ಹಿಂದೆ ವಾರಗಟ್ಟಲೆ ಓಡಿ, ಎದುರಿಗಿದ್ದ 800ನ್ನು ಬಿಟ್ಟವರನ್ನು ಕಂಡಿದ್ದೇನೆ.

ಇದೇ ದಿಕ್ಕಿಗೆ ತಳ್ಳುವ ಇನ್ನೊಂದು ಕಾರಣ ನೆರೆಹೊರೆ. ಕ್ವೇಸಾರ್‌ಗಳು ಹುಟ್ಟುವುದೇ ದಟ್ಟ ಪ್ರದೇಶಗಳಲ್ಲಿ. ಅಲ್ಲಿ ಅನಿಲ ಹೆಚ್ಚು, ಹೀರಿಕೆ ಹೆಚ್ಚು. 1995ರಲ್ಲಿ ಲೋಬ್ ಮತ್ತು ಐಸೆನ್‌ಸ್ಟೈನ್ ಇದನ್ನು ಎತ್ತಿ ತೋರಿಸಿದರು. ರೆಡ್‌ಶಿಫ್ಟ್ ತಪ್ಪನ್ನೂ ಇದನ್ನೂ ಬೇರ್ಪಡಿಸಲು, ಇನ್‌ಫ್ರಾರೆಡ್‌ನಲ್ಲಿ ರೆಡ್‌ಶಿಫ್ಟ್ ಸಿಕ್ಕ ಕ್ವೇಸಾರ್‌ಗಳನ್ನು ಮಾತ್ರ ಇಟ್ಟುಕೊಂಡು ಮತ್ತೆ ಓಡಿಸಿ. ಆಮೇಲೂ ಮಂದ ಕ್ವೇಸಾರ್‌ಗಳಿಂದ ಬಂದ ಜೆ ಪ್ರಖರವಾದವುಗಳಿಂದ ಬಂದದ್ದಕ್ಕಿಂತ ಹೆಚ್ಚೇ ಇದ್ದರೆ ನೆರೆಹೊರೆಯನ್ನು ಅನುಮಾನಿಸಬಹುದು, ಏಕೆಂದರೆ ಮಂದ ಕ್ವೇಸಾರ್‌ನ ಪ್ರಭಾವ ವಲಯ ಚಿಕ್ಕದು, ಪೂರ್ತಿ ಆ ದಟ್ಟ ಪ್ರದೇಶದೊಳಗೇ ಬೀಳುತ್ತದೆ.

ದೀಪ್ತಿಯನ್ನೂ ಒಮ್ಮೆ ತಡವಿ ನೋಡಿ. 1450 ಆಂಗ್‌ಸ್ಟ್ರಾಮ್‌ನಲ್ಲಿ ಅಳೆದು 912ಕ್ಕೆ ಚಾಚುವಾಗ ಇಳಿಜಾರು 0.5 ಹಾಕಿದರೆ ದೀಪ್ತಿಯ ಶೇ 79 ಉಳಿಯುತ್ತದೆ, 1.7 ಹಾಕಿದರೆ ಶೇ 45. ಯಾವುದೋ ಹಳೆಯ ಫೈಲಿನಿಂದ ಬಂದ ಇಳಿಜಾರಿನಿಂದಲೇ ಜೆ ಒಂದೂಮುಕ್ಕಾಲು ಪಟ್ಟು ಆಚೀಚೆ ಆಗುತ್ತದೆ.

ರೋಹಿತ ಸರಿಯಿದ್ದು ಸಿಮ್ಯುಲೇಶನ್ ತಪ್ಪಿದಾಗ

ಕಾಡಿನ ಸರಾಸರಿಯ ದಾರಿಯಲ್ಲಿ ನೀವು ಅಳೆಯುವುದು ಗಾಮಾವನ್ನಲ್ಲ, ಒಂದು ಗುಣಲಬ್ಧವನ್ನು. ಟೌ ಎಂಬುದು ಸಾಮಾನ್ಯ ದ್ರವ್ಯದ ಸಾಂದ್ರತೆಯ ವರ್ಗಕ್ಕೆ ನೇರ ಅನುಪಾತ, ತಾಪದ 0.7ನೇ ಘಾತಕ್ಕೂ ಗಾಮಾಕ್ಕೂ ವಿಲೋಮ. ಅನಿಲವನ್ನು ಶೇ 20 ತಣ್ಣಗೆ ಊಹಿಸಿದರೆ ಗಾಮಾ ಶೇ 17 ಮೇಲೆ ಬರುತ್ತದೆ. ಹಳೆಯ ಪ್ರಬಂಧದ ಗಾಮಾವನ್ನು ನಿಮ್ಮದರ ಪಕ್ಕ ಇಡುವ ಮೊದಲು ಅವರು ಬೇರಿಯಾನ್ (ಅಂದರೆ ಆ ಸಾಮಾನ್ಯ ದ್ರವ್ಯದ) ಸಾಂದ್ರತೆಯನ್ನು ಎಷ್ಟು ಹಾಕಿದ್ದಾರೆ ನೋಡಿ. ಒಂದು ಕಾಲದಲ್ಲಿ 0.0125 ಎಂದು ಹಾಕುತ್ತಿದ್ದರು, ಈಗ 0.022, ವರ್ಗ ಮಾಡಿದರೆ ಮೂರು ಪಟ್ಟು ವ್ಯತ್ಯಾಸ ಅಲ್ಲಿಯೇ ಸಿಗುತ್ತದೆ. ಇಬ್ಬರೂ ರೋಹಿತವನ್ನು ಸರಿಯಾಗಿಯೇ ಅಳೆದಿರುತ್ತೀರಿ.

ತಪ್ಪು ಎಲ್ಲಿದೆ ಎಂಬುದನ್ನು ಲೋಕದ ಮುಂದೆಯೇ ಹುಡುಕಿದ ಒಂದು ಪ್ರಸಂಗ ಹತ್ತಿರದ ವಿಶ್ವದ್ದು. ರೆಡ್‌ಶಿಫ್ಟ್ 1.6ಕ್ಕಿಂತ ಕೆಳಗಿನ ಲೈಮನ್ ಆಲ್ಫಾ ನಮ್ಮ ವಾತಾವರಣ ದಾಟುವುದಿಲ್ಲ, ಬಾಹ್ಯಾಕಾಶದಿಂದಲೇ ನೋಡಬೇಕು. 2009ರಲ್ಲಿ ಹಬಲ್ ದೂರದರ್ಶಕಕ್ಕೆ ಕಾಸ್ ಎಂಬ ರೋಹಿತದರ್ಶಕ ಕೂರಿಸಿದ ಮೇಲೆ ಒಳ್ಳೆಯ ದತ್ತಾಂಶ ಬಂತು. 2014ರಲ್ಲಿ ಕೋಲ್ಮೈಯರ್ ಮತ್ತು ಸಂಗಡಿಗರು, ಈ ಕಾಡನ್ನು ವಿವರಿಸಲು ಹಾರ್ಟ್ ಮತ್ತು ಮಡಾವ್ ಅವರ 2012ರ ಅತಿನೇರಳೆ ಹಿನ್ನೆಲೆಯ ಮಾದರಿ ಕೊಡುವುದಕ್ಕಿಂತ ಐದು ಪಟ್ಟು ಹೆಚ್ಚು ಗಾಮಾ ಬೇಕು ಎಂದರು. ಫೋಟಾನ್ ಕೊರತೆಯ ಬಿಕ್ಕಟ್ಟು ಎಂದೇ ಹೆಸರಾಯಿತು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯೂಕಾದ ವಿಕ್ರಂ ಖೈರೆ ಮತ್ತು ಆರ್. ಶ್ರೀಆನಂದ್ 2015ರಲ್ಲಿ ಮಾದರಿಯ ಬೇರಿಗೇ ಹೋಗಿ, ಅದರೊಳಗಿನ ಕ್ವೇಸಾರ್ ಎಣಿಕೆ ಹಳೆಯದು, ಹೊಸ ಎಣಿಕೆ ಹಾಕಿದರೆ ಕ್ವೇಸಾರ್‌ಗಳಿಂದಲೇ ಸುಮಾರು ಎರಡು ಪಟ್ಟು ಗಾಮಾ ಬರುತ್ತದೆ ಎಂದು ತೋರಿಸಿದರು. 2017ರಲ್ಲಿ ಪ್ರಕಾಶ್ ಗಾಯಕ್ವಾಡ್ ಮತ್ತು ಸಂಗಡಿಗರು ಕಾಸ್ ದತ್ತಾಂಶವನ್ನೇ ತಮ್ಮ ಸಿಮ್ಯುಲೇಶನ್ ಜೊತೆ ಹೊಂದಿಸಿ ಅಳೆದಾಗ, 10⁻¹²ರ ಏಕಮಾನದಲ್ಲಿ ಗಾಮಾ ರೆಡ್‌ಶಿಫ್ಟ್ 0.11ರಲ್ಲಿ 0.066, 0.4ರಲ್ಲಿ 0.21 ಬಂತು. ಹೊಸ ಮಾದರಿಗೆ ಅದು ಒಗ್ಗಿತು. ಅದೇ ವರ್ಷ ಫುಮಗಲ್ಲಿ ತಂಡ ಕ್ವೇಸಾರ್‌ನ ಸಹವಾಸವೇ ಇಲ್ಲದೆ, ಯುಜಿಸಿ 7321 ಎಂಬ ಗೆಲಾಕ್ಸಿಯ ಅಂಚಿನ ಹೈಡ್ರೋಜನ್ ಮಿನುಗನ್ನು ನೋಡಿ ಸುಮಾರು 0.06ರಿಂದ 0.08 ಎಂದಿತು. ನನಗೆ ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ. ಕಂಟಿನ್ಯುಅಮ್ ಇಲ್ಲ, ಕ್ವೇಸಾರ್ ರೆಡ್‌ಶಿಫ್ಟ್ ಇಲ್ಲ, ಕಾಡೇ ಇಲ್ಲ. ನಮ್ಮ ತಪ್ಪುಗಳಲ್ಲಿ ಒಂದನ್ನೂ ಹಂಚಿಕೊಳ್ಳದ ಅಳತೆ.

ನಮ್ಮ ಇಳಿಜಾರಿಗೆ ಏನಾಯಿತು

4 ಪೈಯನ್ನು ಅದರ ಜಾಗಕ್ಕೆ ಹಾಕಿ, ನಿಜ ದೂರ ಹಾಕಿ ಮತ್ತೆ ಓಡಿಸಿದೆವು. ಇಳಿಜಾರು ಸಪಾಟಾಯಿತು. ಆದರೆ ಇಡೀ ಗೆರೆ ಕಾಡಿನ ಸರಾಸರಿಯ ಉತ್ತರಕ್ಕಿಂತ ಎರಡು ಪಟ್ಟಿಗೂ ಸ್ವಲ್ಪ ಮೇಲೆ ಕೂತಿತ್ತು. ಈ ಸಲ ಅವಳು ಘಾತ ನೋಡಿಕೊಂಡೇ ಬಂದಿದ್ದಳು.

"ಸರ್, ಇದು ಝಡ್ ಜೊತೆ ಬದಲಾಗ್ತಿಲ್ಲ. ಎರಡರ ಹತ್ತಿರ ಇರೋದ್ರಿಂದ ಪೈ ಕಥೆಯೂ ಅಲ್ಲ."

ಮತ್ತೇನಿರಬಹುದೆಂದು ಕೇಳಿದೆ. ಅವಳು ಕ್ವೇಸಾರ್ ಪಟ್ಟಿ ತೆರೆದು ರೆಡ್‌ಶಿಫ್ಟ್ ಯಾವ ಗೆರೆಯಿಂದ ಎಂಬ ಅಂಕಣ ತೋರಿಸಿದಳು. ಮೇಲಿಂದ ಕೆಳಗಿನವರೆಗೆ ಕಾರ್ಬನ್, ಕಾರ್ಬನ್, ಕಾರ್ಬನ್. ನಡುವೆ ಅಲ್ಲಲ್ಲಿ ಮೆಗ್ನೀಸಿಯಂ. ಮೆಗ್ನೀಸಿಯಂನವನ್ನಷ್ಟೇ ಇಟ್ಟುಕೊಂಡಾಗ ಉತ್ತರ ಒಂದೂಕಾಲು ಪಟ್ಟಿನವರೆಗೆ ಇಳಿದು ಬಂತು, ದೋಷದ ಪಟ್ಟಿ ಮಾತ್ರ ಎರಡರಷ್ಟು ಅಗಲವಾಯಿತು. ಉಳಿದ ಕ್ವೇಸಾರ್‌ಗಳಿಗೆ ಇನ್‌ಫ್ರಾರೆಡ್ ಸಮಯ ಕೇಳಿ ಅರ್ಜಿ ಹಾಕಿದ್ದೇವೆ. ಅಧ್ಯಾಯದ ಶೀರ್ಷಿಕೆಯನ್ನು ಅವಳು ಸದ್ಯಕ್ಕೆ ಖಾಲಿ ಬಿಟ್ಟಿದ್ದಾಳೆ.